‘ಎಷ್ಟು ದಿನ ಬೇಕು, ಎಷ್ಟಾಗುತ್ತೆ?’: ಸಾಫ್ಟ್‌ವೇರ್ ಅಂದಾಜಿನ ಪ್ರಶ್ನೋತ್ತರ

ಸಾಫ್ಟ್‌ವೇರ್ ಕೆಲಸಕ್ಕೆ ಅಂದಾಜು ಹಾಕುವುದು ಹೇಗೆ, ಅದನ್ನು ಕ್ಲೈಂಟಿಗೆ ಹೇಳುವುದು ಹೇಗೆ ಎಂದು ಕೇಳಿ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದವನ್ನು ಸೇರಿಸಿ, ಊರಿನ ಹೆಸರಷ್ಟೇ ಉಳಿಸಿದ್ದೇವೆ.

ಪ್ರಶ್ನೆ (ಶಿವಮೊಗ್ಗ): ಇಲ್ಲಿನ ಒಂದು ಅಡಿಕೆ ಮಂಡಿಯವರು ಫೋನ್ ಮಾಡಿ, ರೈತರ ಖಾತೆ, ಮುಂಗಡ, ಮಾಲಿನ ಆವಕ, ಪಟ್ಟಿ (ರೈತರಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ) ಎಲ್ಲವೂ ಕಂಪ್ಯೂಟರಿನಲ್ಲೇ ಬರುವ ಹಾಗೆ ಸಾಫ್ಟ್‌ವೇರ್ ಬೇಕು, ಎಷ್ಟು ದಿನ, ಎಷ್ಟು ದುಡ್ಡು ಎಂದು ಕೇಳುತ್ತಿದ್ದಾರೆ. ಕೆಲಸ ಮಾಡುವವನು ನಾನೊಬ್ಬನೇ. ‘ಒಂದು ತಿಂಗಳು’ ಎಂದು ಬಾಯಿ ತುದಿಗೆ ಬಂದಿದೆ, ಇನ್ನೂ ಹೇಳಿಲ್ಲ.

ಉತ್ತರ: ಹೇಳದೆ ಉಳಿದದ್ದು ಒಳ್ಳೆಯದಾಯಿತು. ಫೋನಿನಲ್ಲಿ ಹೇಳಿದ ಮೊದಲ ಸಂಖ್ಯೆ ಸಾಹುಕಾರರ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಅದಕ್ಕಿಂತ ಹೆಚ್ಚಾದ ಪ್ರತಿ ದಿನವೂ ಅವರ ಲೆಕ್ಕದಲ್ಲಿ ನಿಮ್ಮ ತಡವೇ. ಏನು ಬೇಕೆಂದು ಸ್ಪಷ್ಟವಾಗುವ ಮೊದಲೇ ಹಾಕಿದ ಅಂದಾಜು ಎಷ್ಟು ಹುಸಿಯಾಗಬಹುದು ಎಂಬುದನ್ನು ಅಮೆರಿಕದ ಸಾಫ್ಟ್‌ವೇರ್ ತಜ್ಞ ಬ್ಯಾರಿ ಬೋಮ್ 1981ರಲ್ಲೇ ತೋರಿಸಿದ್ದಾರೆ: ಕೊನೆಗೆ ಆಗುವ ಕೆಲಸ ಅಂದಾಜಿನ ಕಾಲು ಭಾಗವೂ ಆಗಬಹುದು, ನಾಲ್ಕು ಪಟ್ಟೂ ಆಗಬಹುದು. ಹಾಗಾಗಿ ಫೋನಿನಲ್ಲಿ ಇಷ್ಟು ಹೇಳಿ ಸಾಕು: ‘ನೀವು ಹೇಳಿದ್ದನ್ನು ಕೇಳಿದರೆ ಎರಡರಿಂದ ಐದು ತಿಂಗಳ ಕೆಲಸ ಅನಿಸುತ್ತದೆ. ಎರಡು ದಿನ ಮಂಡಿಯಲ್ಲಿ ಕೂತು ನೋಡಿ, ಲೆಕ್ಕ ಬರೆದುಕೊಡುತ್ತೇನೆ.’ ಆ ಎರಡು ದಿನಕ್ಕೆ ಸಣ್ಣದಾದರೂ ಶುಲ್ಕ ಕೇಳಿ. ಅದನ್ನು ಕೊಡಲು ಒಪ್ಪದವರು ಮುಂದಿನ ಕಂತುಗಳಲ್ಲೂ ಸತಾಯಿಸುವ ಸಂಭವ ಹೆಚ್ಚು.

ಮಂಡಿಗೆ ಹೋದಾಗ ಸ್ಕ್ರೀನ್ ಹೇಗಿರಬೇಕು ಎಂಬ ಮಾತು ಬೇಡ. ಕಳೆದ ಸೀಸನ್ನಿನ ಪಟ್ಟಿ ಪುಸ್ತಕ, ಮುಂಗಡದ ಖಾತೆ ಪುಸ್ತಕ, ತೂಕದ ಯಂತ್ರ, ಪ್ರಿಂಟರ್ ಈ ನಾಲ್ಕನ್ನು ನೋಡಿ. ಗುಮಾಸ್ತರನ್ನು ಕೇಳಬೇಕಾದದ್ದು ಇವು: ಮುಂಗಡದ ಬಡ್ಡಿಗೆ ತಿಂಗಳು ಎಂದರೆ 30 ದಿನವೋ, ಕ್ಯಾಲೆಂಡರ್ ತಿಂಗಳೋ? ಒಬ್ಬರೇ ರೈತರು ರಾಶಿ, ಬೆಟ್ಟೆ ಎಂಬ ಎರಡು ಬಗೆಯ ಅಡಿಕೆಯನ್ನೂ ತಂದರೆ ಪಟ್ಟಿ ಒಂದೋ ಎರಡೋ? ಹಮಾಲಿ ಮುರಿಯುವುದು ಕಮಿಷನ್‌ಗೆ ಮೊದಲೋ ಆಮೇಲೋ? ಪಟ್ಟಿ ರೈತರ ಕೈಗೆ ಹೋದ ಮೇಲೆ ತಪ್ಪು ಕಂಡರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ‘ಹೊಡೆದುಹಾಕಿ ಬೇರೆ ಬರೆಯುತ್ತೇವೆ’ ಎಂಬ ಉತ್ತರ ಬಂದರೆ ಅಲ್ಲೇ ಎರಡು ಮೂರು ದಿನದ ಕೆಲಸ ಅಡಗಿದೆ ಎಂದು ತಿಳಿಯಿರಿ. ಪುಸ್ತಕದಲ್ಲಿ ಒಂದು ಗೆರೆ ಎಳೆದರೆ ಮುಗಿಯುವುದು, ಸಾಫ್ಟ್‌ವೇರಿನಲ್ಲಿ ರದ್ದಾದ ಪಟ್ಟಿ, ಹೊಸ ಪಟ್ಟಿ, ಖಾತೆಯಲ್ಲಿ ತಿರುಗುಮುರುಗು ಜಮಾ-ಖರ್ಚು, ಯಾರು ಬದಲಿಸಿದರು ಎಂಬ ದಾಖಲೆ ಎಲ್ಲವನ್ನೂ ಕೇಳುತ್ತದೆ.

ಈಗ ಲೆಕ್ಕ. ಕೆಲಸವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಮೂರು ಸಂಖ್ಯೆ ಬರೆಯಿರಿ: ಎಲ್ಲವೂ ಸಲೀಸಾಗಿ ಹೋದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಕೆಟ್ಟರೆ ಎಷ್ಟು. ಮಂಡಿಯ ಕೆಲಸಕ್ಕೆ ಅದು ಹೀಗೆ ಬರಬಹುದು:

ಲಾಗಿನ್, ಯಾರಿಗೆ ಏನು ಕಾಣಬೇಕು ಎಂಬ ಅನುಮತಿ: 1, 2, 3
ರೈತರ ಖಾತೆ, ಮುಂಗಡ, ಬಡ್ಡಿ: 4, 6, 14
ಮಾಲಿನ ಆವಕ: 2, 4, 6
ಕನ್ನಡದಲ್ಲಿ ಪಟ್ಟಿ ಮುದ್ರಣ: 2, 4, 12
ತೂಕದ ಯಂತ್ರದ ಜೋಡಣೆ: 1, 3, 11
ವರದಿಗಳು: 3, 5, 7
ಹಳೆಯ ಎಕ್ಸೆಲ್ ಮಾಹಿತಿ ತುಂಬುವುದು: 1, 3, 5

ನಡುವಿನ ಸಂಖ್ಯೆಗಳನ್ನು ಕೂಡಿದರೆ 27. ನಿಮ್ಮ ಬಾಯಿಗೆ ಬಂದ ‘ಒಂದು ತಿಂಗಳು’ ಇದೇ. ಇನ್ನು ಪ್ರತಿ ಸಾಲಿನಲ್ಲೂ ನಡುವಿನ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ, ಎರಡು ತುದಿಗಳನ್ನೂ ಸೇರಿಸಿ, ಆರರಿಂದ ಭಾಗಿಸಿ. 1958ರ ಸುಮಾರಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಯ ಯೋಜನೆಗೆ ಬಳಸಿದ ಪರ್ಟ್ ಪದ್ಧತಿಯ ಸೂತ್ರ ಇದು. ಖಾತೆಯ ಸಾಲಿಗೆ 4, 24, 14 ಕೂಡಿ 42, ಆರರಿಂದ ಭಾಗಿಸಿದರೆ 7. ಹೀಗೆ ಎಲ್ಲ ಸಾಲು ಮುಗಿಸಿದರೆ 30 ದಿನ. ಆಮೇಲೆ ಪ್ರತಿ ಸಾಲಿನ ಎರಡು ತುದಿಗಳ ವ್ಯತ್ಯಾಸವನ್ನು ಆರರಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಎಲ್ಲ ಕೂಡಿ ವರ್ಗಮೂಲ ತೆಗೆದರೆ ಸುಮಾರು 3 ದಿನ. ಅದರ ಎರಡು ಪಟ್ಟನ್ನು 30ಕ್ಕೆ ಸೇರಿಸಿದರೆ 36. ಬರೀ ಕೋಡಿಂಗ್ 30ರಿಂದ 36 ದಿನ ಅಂತಾಯಿತು.

ಈ ಸೂತ್ರ ಒಂದು ಊಹೆಯ ಮೇಲೆ ನಿಂತಿದೆ: ಒಂದು ತುಂಡು ತಡವಾದರೆ ಇನ್ನೊಂದು ಬೇಗ ಮುಗಿದು ಸರಿದೂಗಬಹುದು ಎಂಬುದು. ಒಬ್ಬರೇ ಎಲ್ಲ ತುಂಡಿಗೂ ಸಂಖ್ಯೆ ಹಾಕಿದಾಗ ಹಾಗಾಗುವುದು ಕಡಿಮೆ, ಏಕೆಂದರೆ ಅವರ ಆಶಾವಾದ ಎಲ್ಲ ಸಾಲಿನಲ್ಲೂ ಒಂದೇ ಕಡೆಗೆ ವಾಲಿರುತ್ತದೆ. ಆದ್ದರಿಂದ ಮೇಲಿನ ತುದಿಯನ್ನೇ ಹೆಚ್ಚು ನಂಬಿ.

ತೂಕದ ಯಂತ್ರಕ್ಕೆ 11 ದಿನ ಏಕೆ ಎಂದು ಕೇಳಬಹುದು. ಯಂತ್ರದ ಹಿಂದೆ ಇರುವುದು ಆರ್‌ಎಸ್-232 ಎಂಬ ಹಳೆಯ ಬಗೆಯ ಪೋರ್ಟ್, ಇಂದಿನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕಬೇಕು, ಅದರ ಡ್ರೈವರ್ ಹೊಂದಬೇಕು. ಯಂತ್ರ ಮಾಹಿತಿ ಕಳಿಸುವ ವೇಗ ಒಂದು ಮಾಡೆಲಿನಲ್ಲಿ ಸೆಕೆಂಡಿಗೆ 2400 ಬಿಟ್, ಇನ್ನೊಂದರಲ್ಲಿ 9600. ಸಂಖ್ಯೆ ಕಳಿಸುವ ರೀತಿಯೂ ಕಂಪನಿಗೊಂದು. ಚೀಲ ಇಟ್ಟ ಕೂಡಲೇ ಮುಳ್ಳು ಅಲುಗಾಡುವ ಹಾಗೆ ಸಂಖ್ಯೆಯೂ ಅಲುಗಾಡುತ್ತದೆ. ನಿಂತ ತೂಕವನ್ನೇ ಹಿಡಿಯಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಅರ್ಧ ಕಿಲೋ ಅತ್ತಿತ್ತ ಆಗಿ ರೈತರೊಂದಿಗೆ ಜಗಳ. ಪಟ್ಟಿ ಮುದ್ರಣವೂ ಹೀಗೇ. ಕಾರ್ಬನ್ ಪ್ರತಿ ಬೇಕೆಂದು ಡಾಟ್ ಮ್ಯಾಟ್ರಿಕ್ಸ್ ಇಟ್ಟುಕೊಂಡಿದ್ದರೆ ಅದರ ಟೆಕ್ಸ್ಟ್ ಮೋಡ್‌ನಲ್ಲಿ ಕನ್ನಡ ಬರುವುದಿಲ್ಲ. ಚಿತ್ರದ ಹಾಗೆ ಹೊಡೆಸಬೇಕು, ಅದು ನಿಧಾನ. ಪಿಡಿಎಫ್ ಮಾಡುವ ಎಷ್ಟೋ ಕೋಡ್ ಲೈಬ್ರರಿಗಳು ಒತ್ತಕ್ಷರ ಜೋಡಿಸದೆ ಬಿಡಿ ಬಿಡಿಯಾಗಿ ಚೆಲ್ಲುತ್ತವೆ. ಬ್ರೌಸರಿನಿಂದಲೇ ಪಿಡಿಎಫ್ ತೆಗೆಯುವುದು ಸುರಕ್ಷಿತ ದಾರಿ. ಅಂದಾಜು ಬರೆಯುವ ಮೊದಲೇ ‘ಕೃಷ್ಣಮೂರ್ತಿ’, ‘ತೀರ್ಥಹಳ್ಳಿ’, ‘ಲಕ್ಷ್ಮಮ್ಮ’ ಈ ಮೂರು ಹೆಸರನ್ನು ಆ ಪ್ರಿಂಟರಿನಲ್ಲೇ ಹೊಡೆಸಿ ನೋಡಿ. ಅರ್ಧ ದಿನದ ಪರೀಕ್ಷೆ 12ನ್ನು 5ಕ್ಕೆ ಇಳಿಸುತ್ತದೆ, ಅಥವಾ 12 ಸರಿ ಎಂದು ತೋರಿಸುತ್ತದೆ. ಎರಡೂ ಲಾಭವೇ.

30–36ಕ್ಕೆ ಪರೀಕ್ಷೆ ಮತ್ತು ತಿದ್ದುಪಡಿ ಸೇರಿಸಿ, ಕೋಡಿಂಗ್‌ನ ಸುಮಾರು 30%: 9ರಿಂದ 11 ದಿನ. ಮಾತುಕತೆ, ಫೋನು 3ರಿಂದ 4. ಸರ್ವರ್, ಬ್ಯಾಕಪ್ 2. ಮಂಡಿಯಲ್ಲಿ ಕೂತು ಕಲಿಸುವುದು 3. ಒಟ್ಟು 47ರಿಂದ 56 ದಿನ. ಬೇರೆ ಗಿರಾಕಿಗಳ ಕರೆ, ಹಳೆಯ ಕೆಲಸದ ರಿಪೇರಿ, ಹಬ್ಬ ಎಲ್ಲ ಕಳೆದು ತಿಂಗಳಿಗೆ 16 ದಿನ ಈ ಕೆಲಸಕ್ಕೆ ಸಿಕ್ಕರೆ ಮೂರರಿಂದ ಮೂರೂವರೆ ತಿಂಗಳು. ನೀವು ಹೇಳಹೊರಟಿದ್ದು ಒಂದು.

ಬರೆದುಕೊಡುವಾಗ ಒಂದು ಪುಟ ಸಾಕು. ಏನು ಸೇರಿದೆ, ಏನು ಸೇರಿಲ್ಲ (‘ಮೊಬೈಲ್ ಆ್ಯಪ್ ಇಲ್ಲ, ಎರಡನೇ ಶಾಖೆ ಇಲ್ಲ’ ಎಂದು ಹೆಸರಿಸಿಯೇ ಬರೆಯಿರಿ), ಯಾವ ನಂಬಿಕೆಯ ಮೇಲೆ ಲೆಕ್ಕ ಹಾಕಿದ್ದೀರಿ (‘ತೂಕದ ಯಂತ್ರ ಒಂದೇ ಮಾಡೆಲ್’, ‘ಹಳೆಯ ಮಾಹಿತಿ ಎಕ್ಸೆಲ್‌ನಲ್ಲಿದೆ’), ಮತ್ತು ಈ ಲೆಕ್ಕ 30 ದಿನ ಮಾತ್ರ ಊರ್ಜಿತ ಎಂಬ ಸಾಲು.

ಪ್ರಶ್ನೆ (ಮೈಸೂರು): ನಮ್ಮ ತಂಡ ಐದು ತಿಂಗಳು ಎಂದು ಲೆಕ್ಕ ಕೊಟ್ಟಿತು. ಸೇಲ್ಸ್‌ನವರು ಆಗಲೇ ಕ್ಲೈಂಟಿಗೆ ಮೂರು ಎಂದಿದ್ದಾರೆ. ‘ಸ್ವಲ್ಪ ಬಿಗಿ ಮಾಡಿ’ ಎನ್ನುತ್ತಾರೆ ಮ್ಯಾನೇಜರ್. ಏನು ಉತ್ತರ ಕೊಡುವುದು?

ಉತ್ತರ: ಮೂರು ಮಾತುಗಳು ಇಲ್ಲಿ ಒಂದಕ್ಕೊಂದು ಬೆರೆತಿವೆ. ಎಷ್ಟು ಹಿಡಿಯಬಹುದು ಎಂಬುದು ಅಂದಾಜು. ಯಾವಾಗ ಬೇಕು ಎಂಬುದು ಗುರಿ. ಯಾವಾಗ ಕೊಡುತ್ತೇವೆ ಎಂಬುದು ಕೊಟ್ಟ ಮಾತು. ಗುರಿಯನ್ನು ಸೇಲ್ಸ್‌ನವರು ಇಡಬಹುದು, ತಪ್ಪಿಲ್ಲ. ಕೊಟ್ಟ ಮಾತಿನ ಬಗ್ಗೆ ಕೂತು ಮಾತಾಡಬಹುದು. ಆದರೆ ಅಂದಾಜು ಚೌಕಾಸಿಗೆ ಬಗ್ಗುವ ವಸ್ತುವಲ್ಲ. ಸಂತೆಯಲ್ಲಿ ಕುಂಬಳಕಾಯಿಯ ಬೆಲೆ ಇಳಿಸಬಹುದು, ತೂಕ ಇಳಿಸಲು ಆಗುವುದಿಲ್ಲ.

ಅವಸರ ಮಾಡುವುದಕ್ಕೂ ಒಂದು ಮಿತಿಯಿದೆ. ಜನ ಎಷ್ಟೇ ಹಾಕಿದರೂ ಸಹಜ ಅವಧಿಯ 75%ಕ್ಕಿಂತ ಕೆಳಗೆ ಹೋಗುವುದು ಆಗದ ಮಾತು ಎಂದು ಬೋಮ್ ಅವರೇ ತಮ್ಮ ಯೋಜನೆಗಳ ಮಾಹಿತಿಯಿಂದ ಹೇಳಿದ್ದರು. ಐದು ತಿಂಗಳಿಗೆ ಅದು ಮೂರು ತಿಂಗಳು ಮೂರು ವಾರ. ನಿಮ್ಮಲ್ಲಿ ಕೇಳುತ್ತಿರುವುದು ಅದಕ್ಕೂ ಕಡಿಮೆ.

ಮ್ಯಾನೇಜರ್ ಮುಂದೆ ‘ಆಗುವುದಿಲ್ಲ’ ಎಂದು ನಿಲ್ಲಬೇಡಿ. ಒಂದು ಹಾಳೆಯಲ್ಲಿ ಮೂರು ದಾರಿ ಬರೆದು ಹೋಗಿ. ಮೂರು ತಿಂಗಳಿಗೆ ಇಷ್ಟು ಭಾಗ ಬಿಡುಗಡೆ, ಉಳಿದದ್ದು ಐದನೇ ತಿಂಗಳಿಗೆ. ಅಥವಾ ಎಲ್ಲವೂ ಐದು ತಿಂಗಳಿಗೆ. ಅಥವಾ ವರದಿಗಳನ್ನೂ ಅಡ್ಮಿನ್ ಸ್ಕ್ರೀನ್‌ಗಳನ್ನೂ ಪೂರ್ತಿ ಕೈಬಿಟ್ಟು ನಾಲ್ಕು ತಿಂಗಳಿಗೆ. ‘ಬಿಗಿ ಮಾಡಿ’ ಎಂದಾಗ ಮೊದಲು ಹೋಗುವುದು ಪರೀಕ್ಷೆಯ ದಿನಗಳು. ಹಾಳೆಯಲ್ಲಿ ಪರೀಕ್ಷೆಗೆ ಬೇರೆ ಸಾಲು ಇಡಬೇಡಿ, ಪ್ರತಿ ತುಂಡಿನ ಒಳಗೇ ಸೇರಿಸಿ. ಬೇರೆ ಸಾಲಾಗಿ ಕಂಡರೆ ಅದರ ಮೇಲೆ ಪೆನ್ನು ಆಡಿಸುವುದು ಸುಲಭ. ಇದರಲ್ಲಿ ಮುಚ್ಚುಮರೆ ಏನಿಲ್ಲ: ಪರೀಕ್ಷೆಯಾಗದ ತುಂಡು ಮುಗಿದ ತುಂಡಲ್ಲ.

ಪ್ರಶ್ನೆ (ಕಲಬುರಗಿ): ಒಂದು ಸಹಕಾರ ಸಂಘದ ಸುಮಾರು 60,000 ಸದಸ್ಯರ ಮಾಹಿತಿ ಹಳೆಯ ನುಡಿ ಫಾಂಟಿನಲ್ಲಿದೆ. ಯೂನಿಕೋಡಿಗೆ (ಎಲ್ಲ ಭಾಷೆಗೂ ಒಂದೇ ಆದ ಇಂದಿನ ಅಕ್ಷರ ಸಂಕೇತ ಪದ್ಧತಿಗೆ) ತರಬೇಕು. ಕನ್ವರ್ಟರ್ ಸಿಗುತ್ತದೆ, ಒಂದು ದಿನದ ಕೆಲಸ ಎಂದು ಸಂಘದವರ ಲೆಕ್ಕ. ನಿಜವೇ?

ಉತ್ತರ: ಕನ್ವರ್ಟರ್ ಓಡಿಸುವುದು ಒಂದು ದಿನವೂ ಬೇಡ. ಅದು ಎಲ್ಲಿ ತಪ್ಪಿದೆ ಎಂದು ಹುಡುಕಿ ತಿದ್ದುವುದೇ ಕೆಲಸ. ಹಳೆಯ ಫಾಂಟಿನಲ್ಲಿ ಕನ್ನಡ ಅಕ್ಷರ ಎಂಬುದೇ ಇಲ್ಲ, ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದ್ದಾರೆ ಅಷ್ಟೆ. ಹಾಗಾಗಿ ವಿಳಾಸದ ನಡುವೆ ಯಾರೋ ನಿಜವಾದ ಇಂಗ್ಲಿಷಿನಲ್ಲೇ ಮನೆ ನಂಬರಿನ ಮುಂದೆ ಒಂದು ಅಕ್ಷರ ಹಾಕಿದ್ದರೆ ಕನ್ವರ್ಟರ್ ಅದನ್ನೂ ಕನ್ನಡ ಮಾಡಿ ಕೆಡಿಸುತ್ತದೆ. ಅರ್ಕಾವತ್ತು ಆ ಫಾಂಟಿನಲ್ಲಿ ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ‘ಧರ್ಮಣ್ಣ’ ಎಂಬುದು ‘ಧಮರ್ಣ್ಣ’ ಆಗುವುದು ಇದರಿಂದಲೇ. ಕೆಲವು ದಾಖಲೆ ನುಡಿ ಫಾಂಟಿನಲ್ಲಿ, ಕೆಲವು ಬರಹ ಎಂಬ ಇನ್ನೊಂದು ಫಾಂಟಿನಲ್ಲಿ ಎಂದು ಬೆರೆತಿದ್ದರೆ ಇನ್ನೊಂದು ಸುತ್ತು.

ಅಂದಾಜು ಹಾಕುವ ಮೊದಲು 500 ದಾಖಲೆಗಳ ಮಾದರಿ ತೆಗೆಯಿರಿ. ಮೊದಲ 500 ಬೇಡ. ಅವನ್ನು ಒಬ್ಬರೇ ಟೈಪ್ ಮಾಡಿರುತ್ತಾರೆ, ಅವರ ಅಭ್ಯಾಸವಷ್ಟೇ ಸಿಗುತ್ತದೆ. ಪಟ್ಟಿಯ ಎಲ್ಲೆಡೆಯಿಂದ ಯಾದೃಚ್ಛಿಕವಾಗಿ ಆರಿಸಿ. ಕನ್ವರ್ಟ್ ಮಾಡಿ, ಕನ್ನಡ ಚೆನ್ನಾಗಿ ಓದುವ ಇಬ್ಬರಿಂದ ಬೇರೆ ಬೇರೆಯಾಗಿ ಓದಿಸಿ. 35 ದಾಖಲೆಗಳಲ್ಲಿ ತಪ್ಪು ಸಿಕ್ಕಿತು ಎನ್ನೋಣ, ಅಂದರೆ 7%. ಅದನ್ನು 60,000ಕ್ಕೆ ಹಿಗ್ಗಿಸಿದರೆ 4,200. ಒಂದಕ್ಕೆ ಒಂದೂವರೆ ನಿಮಿಷದಂತೆ 105 ಗಂಟೆ, ದಿನಕ್ಕೆ 6 ಗಂಟೆಯ ಲೆಕ್ಕದಲ್ಲಿ ಹದಿನೇಳೂವರೆ ದಿನ.

ಇಲ್ಲಿಗೇ ನಿಲ್ಲಿಸಬೇಡಿ. 35 ತಪ್ಪುಗಳನ್ನು ಕಾರಣದ ಪ್ರಕಾರ ವಿಂಗಡಿಸಿ. ಬಹುಪಾಲು ನಾಲ್ಕೈದು ಕಾರಣದ ಕೆಳಗೇ ಬಂದರೆ ಅವಕ್ಕೆ ನಿಯಮ ಬರೆದು, ಹೊಸದಾಗಿ ಬೇರೆ 500 ತೆಗೆದು ಮತ್ತೆ ನೋಡಿ. ಈಗ 6 ಉಳಿದರೆ 1.2%, ಅಂದರೆ 720 ದಾಖಲೆ, 18 ಗಂಟೆ. 500ರಲ್ಲಿ 6 ಎಂಬುದು ಸಣ್ಣ ಸಂಖ್ಯೆ, ಅದರ ಹಿಂದಿನ ನಿಜವಾದ ಪ್ರಮಾಣ 0.4%ರಿಂದ 2.6%ರವರೆಗೆ ಎಲ್ಲಿಯೂ ಇರಬಹುದು. ಆದ್ದರಿಂದ ಸಂಘಕ್ಕೆ ‘ತಿದ್ದುವ ಕೆಲಸ ಒಂದರಿಂದ ಏಳು ದಿನ’ ಎಂದು ಹೇಳಿ. ‘ಮೂರು ದಿನ’ ಎಂದು ಹೇಳಬೇಡಿ.

ತಪ್ಪು ಹುಡುಕಲು 60,000 ಸಾಲು ಓದಬೇಕಾಗಿಲ್ಲ. ಎಲ್ಲ ದಾಖಲೆಗಳ ಪದಗಳನ್ನು ಬಿಡಿಸಿ, ಒಂದೊಂದು ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ. ‘ಬಸವರಾಜ’, ‘ಮಲ್ಲಿಕಾರ್ಜುನ’ ಸಾವಿರಾರು ಸಲ ಬಂದಿರುತ್ತವೆ, ಒಮ್ಮೆ ನೋಡಿದರೆ ಸಾಕು. ಒಂದೋ ಎರಡೋ ಸಲ ಮಾತ್ರ ಬಂದಿರುವ ಪದಗಳಲ್ಲೇ ತಪ್ಪುಗಳು ಹೆಚ್ಚಾಗಿ ಅಡಗಿರುತ್ತವೆ. ಈ ಓದಿಗೆ ಎಷ್ಟು ದಿನ ಎಂಬುದು ಪದಗಳ ಎಣಿಕೆ ಸಿಕ್ಕ ಮೇಲೆ ನಿಖರವಾಗಿ ಹೇಳಬಹುದು, ಆ ಎಣಿಕೆ ಅರ್ಧ ದಿನದ ಕೆಲಸ. ಹೆಸರು ಖಚಿತಪಡಿಸುವ ಹೊಣೆ ಸಂಘದ ಗುಮಾಸ್ತರದ್ದು ಎಂದೂ ಬರೆದಿಡಿ. ‘ಶರಣಪ್ಪ’ ಸರಿಯೋ ‘ಸರಣಪ್ಪ’ ಸರಿಯೋ ಎಂದು ನೀವು ನಿರ್ಧರಿಸುವ ಹಾಗಿಲ್ಲ. ಅದು ಒಬ್ಬರ ಷೇರು ಪತ್ರದ ಮೇಲಿನ ಹೆಸರು.

ಪ್ರಶ್ನೆ (ಹುಬ್ಬಳ್ಳಿ): ಪ್ರಾಜೆಕ್ಟ್ ಅರ್ಧದಲ್ಲಿದೆ, ತಡವಾಗಿದೆ. ಇಬ್ಬರು ಮಾಡುತ್ತಿದ್ದೇವೆ. ಇನ್ನೂ ಮೂವರನ್ನು ಸೇರಿಸಿಕೊಂಡರೆ ಸರಿಹೋಗಬಹುದೇ? ಕ್ಲೈಂಟಿಗೆ ಯಾವಾಗ ಹೇಳಬೇಕು?

ಉತ್ತರ: ಇವತ್ತೇ ಹೇಳಬೇಕು, ಆದರೆ ಲೆಕ್ಕ ಹಾಕಿಕೊಂಡು.

ನಿಮ್ಮ ಪತ್ರದ ಪ್ರಕಾರ ಒಟ್ಟು 44 ಕೆಲಸದ ದಿನ, ಅದರಲ್ಲಿ 24 ದಿನದ್ದು ಎಂದುಕೊಂಡದ್ದು ಮುಗಿಯಲು 33 ಹಿಡಿದಿದೆ. 9 ದಿನ ತಡ. ಎಲ್ಲರೂ ಮಾಡುವ ತಪ್ಪು ಎಂದರೆ ಉಳಿದ 20 ದಿನದ ಕೆಲಸ 20 ದಿನದಲ್ಲೇ ಮುಗಿಯುತ್ತದೆ, ಜೊತೆಗೆ ಒಂಬತ್ತನ್ನೂ ಹಿಂದೆ ತೆಗೆದುಕೊಳ್ಳಬಹುದು ಎಂದು ನಂಬುವುದು. 33ನ್ನು 24ರಿಂದ ಭಾಗಿಸಿದರೆ ಸುಮಾರು 1.4. ಉಳಿದ 20ಕ್ಕೂ ಅದೇ ಅನುಪಾತ ಹಾಕಿ: 28. ಒಟ್ಟು 61 ದಿನ, ಅಂದರೆ 17 ಕೆಲಸದ ದಿನ ತಡ. ಮೊದಲ ಭಾಗದ ತಡಕ್ಕೆ ಮತ್ತೆ ಬರಲಾರದ ಕಾರಣವೊಂದು ಇದ್ದರೆ ಮಾತ್ರ (ಒಬ್ಬರು ವಾರಗಟ್ಟಲೆ ಕಾಯಿಲೆ ಬಿದ್ದಂತಹದ್ದು) ಅನುಪಾತ ಕಡಿಮೆ ಮಾಡಬಹುದು.

ಜನ ಸೇರಿಸುವ ಬಗ್ಗೆ: ಐಬಿಎಮ್‌ನ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್‌ನ ಯೋಜನೆ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದದ್ದು ಇಂದಿಗೂ ನಿಜ, ತಡವಾದ ಸಾಫ್ಟ್‌ವೇರಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಇಬ್ಬರಿದ್ದಾಗ ಮಾತುಕತೆಯ ಜೋಡಿ ಒಂದೇ. ಐವರಾದರೆ ಹತ್ತು. ಹೊಸಬರಿಗೆ ಕೋಡ್ ತಿಳಿಸಿಕೊಡುವವರು ಈಗ ಕೆಲಸ ಮಾಡುತ್ತಿರುವ ನೀವಿಬ್ಬರೇ, ಅದಕ್ಕೆ ಎರಡು ವಾರ ಹಿಡಿದರೆ ಅಷ್ಟೂ ದಿನ ನಿಮ್ಮ ಕೈಯೂ ನಿಲ್ಲುತ್ತದೆ. ಸೇರಿಸಲೇಬೇಕೆಂದರೆ ಒಬ್ಬರನ್ನು, ಅದೂ ಪರೀಕ್ಷೆಗೆ ಸೇರಿಸಿ. ಪರೀಕ್ಷೆ ಮಾಡಲು ಕೋಡಿನ ಒಳಗುಟ್ಟು ತಿಳಿಯಬೇಕಿಲ್ಲ.

ಸಂದೇಶ ಹೀಗಿರಲಿ:

‘ನಮಸ್ಕಾರ ಸರ್. ಜೂನ್ 19ಕ್ಕೆ ಕೊಡುತ್ತೇವೆ ಎಂದಿದ್ದ ಕೆಲಸ ಜುಲೈ 14ರಿಂದ 24ರೊಳಗೆ ಆಗುತ್ತದೆ. ಪೇಮೆಂಟ್ ಭಾಗಕ್ಕೆ ನಾವು ಹಾಕಿದ್ದ ಲೆಕ್ಕ ಕಡಿಮೆಯಾಯಿತು, ಅದು ನಮ್ಮ ತಪ್ಪು. ಬುಕಿಂಗ್ ಮತ್ತು ರಸೀದಿ ಮುಗಿದಿವೆ, ಈ ಲಿಂಕಿನಲ್ಲಿ ನೋಡಬಹುದು. ನಿಮಗೆ ಜೂನ್ 19ಕ್ಕೇ ಶುರು ಮಾಡಬೇಕೆಂದಿದ್ದರೆ ವರದಿಗಳಿಲ್ಲದೆ ಬುಕಿಂಗ್ ಮಾತ್ರ ಬಿಡುಗಡೆ ಮಾಡಬಹುದು. ಇದರಲ್ಲಿ ಯಾವುದು ಅನುಕೂಲ ಎಂದು ಶುಕ್ರವಾರದೊಳಗೆ ತಿಳಿಸಿದರೆ ಹಾಗೇ ಮುಂದುವರಿಯುತ್ತೇವೆ.’

ದಿನಾಂಕ ಮೊದಲ ಸಾಲಿನಲ್ಲೇ ಇದೆ, ಕಾರಣ ಒಂದೇ ವಾಕ್ಯ, ನೋಡಲು ಏನೋ ಇದೆ, ಅವರು ನಿರ್ಧರಿಸಬೇಕಾದದ್ದೂ ಇದೆ. ಕಳಿಸುವ ಮೊದಲು ಫೋನ್ ಮಾಡಿ ಇದನ್ನೇ ಬಾಯಲ್ಲಿ ಹೇಳಿ. ಕೆಟ್ಟ ಸುದ್ದಿಯನ್ನು ಮೊದಲು ವಾಟ್ಸ್‌ಆ್ಯಪಿನಲ್ಲಿ ಓದಿದವರಿಗೆ ನೋವು ಹೆಚ್ಚು. ಇನ್ನೊಂದು ಸಲ ದಿನಾಂಕ ಜಾರಿದರೆ ನಂಬಿಕೆ ಉಳಿಯುವುದಿಲ್ಲ, ಅದಕ್ಕಾಗಿಯೇ ಜುಲೈ 14 ಒಂದನ್ನೇ ಹೇಳದೆ 24ರವರೆಗೆ ಅವಕಾಶ ಇಟ್ಟದ್ದು.

ಪ್ರಶ್ನೆ (ಮಂಗಳೂರು): ಆ್ಯಪ್ ಹೇಳಿದ ದಿನಕ್ಕೇ ಮುಗಿಸಿದೆವು. ಆದರೂ ಜನರ ಕೈಗೆ ಸಿಗಲು ಇನ್ನೊಂದು ತಿಂಗಳು ಹಿಡಿಯಿತು, ಕ್ಲೈಂಟ್ ನಮ್ಮನ್ನೇ ದೂರುತ್ತಿದ್ದಾರೆ.

ಉತ್ತರ: ಕೆಲಸದ ದಿನ ಬೇರೆ, ಕಾಯುವ ದಿನ ಬೇರೆ. ನಿಮ್ಮ ಅಂದಾಜಿನಲ್ಲಿ ಎರಡನೆಯದು ಇರಲಿಲ್ಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಸ್ಟೋರ್ ಡೆವಲಪರ್ ಖಾತೆಯಾದರೆ, ಕನಿಷ್ಠ 12 ಜನ ಸತತ 14 ದಿನ, ಆರಿಸಿದವರಿಗಷ್ಟೇ ತೆರೆದ ಕ್ಲೋಸ್ಡ್ ಟೆಸ್ಟ್‌ನಲ್ಲಿ ಇದ್ದ ಮೇಲಷ್ಟೇ ಆ್ಯಪನ್ನು ಎಲ್ಲರಿಗೂ ಬಿಡಲು ಅರ್ಜಿ ಹಾಕಬಹುದು. ಸಂಸ್ಥೆಯ ಹೆಸರಿನ ಖಾತೆಗೆ ಆ ನಿಯಮವಿಲ್ಲ, ಆದರೆ ಸಂಸ್ಥೆಯನ್ನು ಗುರುತಿಸುವ ಡನ್ಸ್ ನಂಬರ್ ಬೇಕು. ಆಪಲ್‌ನಲ್ಲೂ ಸಂಸ್ಥೆಯ ಖಾತೆಗೆ ಅದೇ ನಂಬರ್ ಕೇಳುತ್ತಾರೆ. ಓಟಿಪಿ ಎಸ್‌ಎಂಎಸ್ ಕಳಿಸಲು ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ನಿಯಮದಂತೆ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಸಂಸ್ಥೆ, ಕಳಿಸುವ ಹೆಸರು, ಸಂದೇಶದ ಮಾದರಿ ಮೂರೂ ನೋಂದಣಿಯಾಗಬೇಕು. ಮಾದರಿಯಲ್ಲಿ ಒಂದು ಪದ ಬದಲಾದರೂ ಸಂದೇಶ ಹೋಗುವುದಿಲ್ಲ. ಪೇಮೆಂಟ್ ಗೇಟ್‌ವೇಗೆ ಕ್ಲೈಂಟಿನ ಪ್ಯಾನ್, ಬ್ಯಾಂಕ್ ಖಾತೆ, ವೆಬ್‌ಸೈಟಿನಲ್ಲಿ ಹಣ ವಾಪಸಿನ ನಿಯಮ ಎಲ್ಲ ಬೇಕು.

ಇವೆಲ್ಲ ಕ್ಲೈಂಟಿನ ಕಾಗದಪತ್ರದ ಮೇಲೆ ನಿಂತ ಕೆಲಸಗಳು. ಅಂದಾಜಿನಲ್ಲಿ ಬೇರೆ ಭಾಗವೇ ಮಾಡಿ, ಪ್ರತಿಯೊಂದರ ಮುಂದೆ ಯಾರು ಮಾಡಬೇಕು, ಯಾವ ದಿನಕ್ಕೆ ಶುರುವಾಗಬೇಕು ಎಂದು ಬರೆಯಿರಿ. ಕೋಡಿಂಗ್ ಮುಗಿದ ಮೇಲಲ್ಲ, ಮೊದಲ ವಾರವೇ ಶುರು ಮಾಡಿಸಿ. ಖರ್ಚಿನ ಒಂದು ಮಾತು: ಕನ್ನಡ ಎಸ್‌ಎಂಎಸ್‌ಗೆ ಒಂದು ತುಂಡಿನಲ್ಲಿ 70 ಅಕ್ಷರ ಮಾತ್ರ, ಇಂಗ್ಲಿಷಿಗೆ 160. ಇಲ್ಲಿ ಕಾಗುಣಿತದ ಚಿಹ್ನೆ, ಒತ್ತು ಎಲ್ಲವೂ ಬೇರೆ ಅಕ್ಷರವಾಗಿಯೇ ಎಣಿಕೆಯಾಗುತ್ತವೆ. ಎರಡು ಸಾಲಿನ ಕನ್ನಡ ಸಂದೇಶ ಸುಲಭವಾಗಿ ಎರಡು ಮೂರು ತುಂಡಾಗುತ್ತದೆ, ಬಿಲ್ಲೂ ಅಷ್ಟೇ ಪಟ್ಟು. ಇದನ್ನು ಮೊದಲೇ ಹೇಳಿ.

ಪ್ರಶ್ನೆ (ಬೆಂಗಳೂರು): ತಂಡದಲ್ಲಿ ಪ್ರತಿ ಕೆಲಸದ ಗಾತ್ರಕ್ಕೆ ಸ್ಟೋರಿ ಪಾಯಿಂಟ್ ಎಂಬ ಅಂಕ ಹಾಕುತ್ತೇವೆ. ‘ಒಂದು ಪಾಯಿಂಟ್ ಅಂದರೆ ಎಷ್ಟು ಗಂಟೆ?’ ಎಂದು ಕ್ಲೈಂಟ್ ಕೇಳುತ್ತಾರೆ.

ಉತ್ತರ: ಪಾಯಿಂಟ್ ನಿಮ್ಮ ತಂಡದ ಒಳಗಿನ ಅಳತೆ, ಹೊರಗೆ ಕೊಡಬೇಡಿ. ಹಿಂದಿನ ಐದಾರು ಸ್ಪ್ರಿಂಟ್‌ಗಳಲ್ಲಿ (ನಿಗದಿತ ವಾರಗಳ ಕೆಲಸದ ಸುತ್ತುಗಳಲ್ಲಿ) ಮುಗಿಸಿದ ಪಾಯಿಂಟ್‌ಗಳನ್ನು ನೋಡಿ: ಕಡಿಮೆ ಎಂದರೆ 18, ಹೆಚ್ಚೆಂದರೆ 26 ಎನ್ನೋಣ. ಉಳಿದದ್ದು 130 ಆದರೆ ಐದರಿಂದ ಎಂಟು ಸ್ಪ್ರಿಂಟ್. ಕ್ಲೈಂಟಿಗೆ ಬೇಕಾದದ್ದು ಆ ಎರಡು ತುದಿಯ ದಿನಾಂಕಗಳು.

ಪ್ರಶ್ನೆ (ಬಳ್ಳಾರಿ): ಎಐ ಕೋಡ್ ಬರೆಯುತ್ತದಲ್ಲ, ಅರ್ಧ ದಿನದಲ್ಲಿ ಮುಗಿಸಿ ಎನ್ನುತ್ತಾರೆ ಕ್ಲೈಂಟ್.

ಉತ್ತರ: ಮೇಲಿನ ಮಂಡಿಯ ಲೆಕ್ಕವನ್ನೇ ನೋಡಿ. ಲಾಗಿನ್, ವರದಿ, ಆವಕದ ಫಾರ್ಮ್‌ಗಳಲ್ಲಿ ದಿನ ಉಳಿಯಬಹುದು. ಬಡ್ಡಿಯ ನಿಯಮ ಕೇಳಿ ತಿಳಿಯುವುದು, ತೂಕದ ಯಂತ್ರ, ಕಲಿಸುವುದು, ಡಿಎಲ್‌ಟಿ ಕಾಯುವುದು ಇವು ಹಾಗೇ ಇರುತ್ತವೆ. ಅನಿಸಿಕೆಯನ್ನೂ ನಂಬಬೇಡಿ. 2025ರಲ್ಲಿ ಮೆಟರ್ ಎಂಬ ಸಂಸ್ಥೆ 16 ಅನುಭವಿ ಡೆವಲಪರ್‌ಗಳಿಗೆ ಅವರಿಗೆ ಚೆನ್ನಾಗಿ ಗೊತ್ತಿದ್ದ ಓಪನ್ ಸೋರ್ಸ್ ಯೋಜನೆಗಳಲ್ಲೇ ಕೆಲಸ ಕೊಟ್ಟು ಅಳೆಯಿತು. ಎಐ ಬಳಸಿದಾಗ 20% ಬೇಗ ಮುಗಿಸಿದೆವು ಎಂದು ಅವರಿಗೆ ಅನಿಸಿತ್ತು, ಗಡಿಯಾರದಲ್ಲಿ 19% ಹೆಚ್ಚು ಸಮಯ ಹಿಡಿದಿತ್ತು. ಉಪಕರಣಗಳು ಬದಲಾಗುತ್ತಲೇ ಇವೆ, ಹೊಸ ಕೆಲಸಗಳಲ್ಲಿ ಫಲ ಬೇರೆ ಇರಬಹುದು. ನಿಮ್ಮದೇ ಹತ್ತು ಕೆಲಸಗಳಿಗೆ ಅಂದಾಜೂ ನಿಜವಾದ ಗಂಟೆಯೂ ಬರೆದಿಟ್ಟು, ಆ ಅನುಪಾತದಿಂದಲೇ ಲೆಕ್ಕ ಹಾಕಿ.

ಪ್ರಶ್ನೆ (ದಾವಣಗೆರೆ): ಒಪ್ಪಂದವಾದ ಮೇಲೆ ‘ಒಂದು ಸಣ್ಣ ಬಟನ್ ಅಷ್ಟೇ’ ಎಂದು ದಿನಕ್ಕೊಂದು ಸೇರಿಸುತ್ತಾರೆ. ಈಗ ಎಕ್ಸೆಲ್ ಡೌನ್‌ಲೋಡ್ ಬಟನ್ ಕೇಳಿದ್ದಾರೆ. ಇಲ್ಲ ಎನ್ನಲು ಸಂಕೋಚ.

ಉತ್ತರ: ಇಲ್ಲ ಎನ್ನಬೇಕಾಗಿಲ್ಲ, ಎಷ್ಟು ಎಂದು ಹೇಳಿದರೆ ಸಾಕು. ಆ ಬಟನ್ ಒಳಗೆ ಏನಿದೆ ನೋಡಿ. ಸ್ಕ್ರೀನಿನಲ್ಲಿ ಕಾಣುವ 50 ಸಾಲೋ, ಎಲ್ಲ ಸಾಲೋ? ಹುಡುಕಾಟದ ಫಿಲ್ಟರ್ ಅನ್ವಯಿಸಬೇಕೇ? ಮೊಬೈಲ್ ನಂಬರ್ ಕಾಲಂ ಎಲ್ಲ ಸಿಬ್ಬಂದಿಗೂ ಸಿಗಬಹುದೇ? ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಕಾಲಂ ಬಿಡಿಸಿದ ಸಾದಾ ಪಠ್ಯ) ಕೊಟ್ಟರೆ, ಅದರ ಆರಂಭದಲ್ಲಿ ಯೂನಿಕೋಡ್ ಗುರುತು ಇಲ್ಲದಿದ್ದಾಗ ಎಕ್ಸೆಲ್ ಕನ್ನಡವನ್ನು ಕೆಡಿಸಿ ತೋರಿಸುತ್ತದೆ. ಉದ್ದದ ಬ್ಯಾಂಕ್ ಖಾತೆ ನಂಬರನ್ನು ಎಕ್ಸೆಲ್ ಸಂಖ್ಯೆ ಎಂದುಕೊಂಡು 15 ಅಂಕಿಯ ಆಚೆಗಿನದನ್ನು ಸೊನ್ನೆ ಮಾಡಿಬಿಡುತ್ತದೆ. 16 ಅಂಕಿಯ ಖಾತೆಯ ಕೊನೆಯ ಅಂಕಿ ಹೋಯಿತು ಎಂದರೆ ಹಣ ಬೇರೆಯವರಿಗೆ ಹೋಗುವ ಅಪಾಯ. ಆದ್ದರಿಂದ ಆ ಕಾಲಂ ಅಕ್ಷರದ ರೂಪದಲ್ಲೇ ಇರುವ ನಿಜವಾದ ಎಕ್ಸೆಲ್ ಫೈಲ್ ಮಾಡಬೇಕು. ಎಲ್ಲ ಸೇರಿ ಒಂದೂವರೆ ದಿನ.

ಮುಂದಿನ ಒಪ್ಪಂದಗಳಲ್ಲಿ ಮೂರು ದಿನದಷ್ಟು ಸಣ್ಣ ಬದಲಾವಣೆ ಉಚಿತ ಎಂದು ಸೇರಿಸಿ, ಹಂಚಿಕೊಂಡ ಒಂದು ಶೀಟಿನಲ್ಲಿ ಲೆಕ್ಕ ಇಡಿ: ತಾರೀಖು, ಕೇಳಿದವರು, ಏನು, ಎಷ್ಟು ದಿನ, ದಿನಾಂಕ ಎಷ್ಟು ಮುಂದಕ್ಕೆ, ಒಪ್ಪಿಗೆ. ಆಗ ಇಂಥ ಬಟನ್ ಕೇಳಿದ ದಿನ ಹೀಗೆ ಉತ್ತರಿಸಬಹುದು: ‘ಮಾಡೋಣ ಸರ್, ಒಂದೂವರೆ ದಿನ. ಉಚಿತದಲ್ಲಿ ಇನ್ನು ಒಂದೂವರೆ ಉಳಿಯುತ್ತದೆ. ಶೀಟಿನಲ್ಲಿ ಹಾಕಿದ್ದೇನೆ, ಒಪ್ಪಿಗೆ ಎಂದು ಬರೆದರೆ ನಾಳೆ ಶುರು ಮಾಡುತ್ತೇನೆ.’ ನಿಮ್ಮಲ್ಲಿ ಒಪ್ಪಂದ ಆಗಲೇ ಆಗಿಹೋಗಿರುವುದರಿಂದ, ಈವರೆಗೆ ಸೇರಿಸಿದ್ದನ್ನೆಲ್ಲ ನೆನಪಿಸಿಕೊಂಡು ಶೀಟಿನಲ್ಲಿ ತುಂಬಿ, ಅವನ್ನು ಉಚಿತವೆಂದೇ ತೋರಿಸಿ, ಎಕ್ಸೆಲ್ ಬಟನ್‌ನಿಂದ ಹೊಸ ಲೆಕ್ಕ ಶುರು ಮಾಡಿ. ಅದಕ್ಕೆ ಬಿಲ್ ಹಾಕುವಾಗ ನಿಮಗೆ ನೋಂದಣಿ ಇದ್ದರೆ 18% ಜಿಎಸ್‌ಟಿಯನ್ನು ಬೇರೆ ಸಾಲಿನಲ್ಲಿ ತೋರಿಸಿ.